ಮೇಲಿನ ಮುಂದಿನ ಹಲ್ಲು ಇನ್ನೂ ಬರಲಿಲ್ಲವೇ? ಕಾಯುವುದಕ್ಕೂ ಒಂದು ಲೆಕ್ಕವಿದೆ

ಹಾಲುಹಲ್ಲು ಬಿದ್ದ ದಿನ ಮಕ್ಕಳಿಗೆ ಸಣ್ಣ ಹಬ್ಬವೇ ಸರಿ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮನೆಯ ಮೇಲೆ ಎಸೆದದ್ದೂ ಆಯಿತು. ಆಮೇಲೆ? ಓರಗೆಯ ಮಕ್ಕಳಿಗೆಲ್ಲ ಹೊಸ ಹಲ್ಲು ಬಂತು, ನಿಮ್ಮ ಮಗಳಿಗೆ ಮಾತ್ರ ಇಲ್ಲ. ಹಿರಿಯರನ್ನು ಕೇಳಿದರೆ, “ಬರ್ತಾವ ತಡಿಯವ್ವಾ, ಎಲ್ಲಿಗೆ ಹೋಗ್ತಾವ?” ಎನ್ನುತ್ತಾರೆ. ಬಹಳ ಮಕ್ಕಳ ವಿಷಯದಲ್ಲಿ ಈ ಮಾತು ನಿಜವೇ. ಆದರೆ ಕೆಲವು ಮಕ್ಕಳಿಗೆ ಹೀಗೆ ಕಾಯುತ್ತ ಕುಳಿತರೆ, ಸುಲಭವಾಗಿ ಬರಬಹುದಾಗಿದ್ದ ಹಲ್ಲು ಕಷ್ಟದ ಹಲ್ಲಾಗಿಬಿಡುತ್ತದೆ. ಎಷ್ಟು ದಿನ ಕಾಯಬೇಕು, ಯಾವಾಗ ಎದ್ದು ಹೊರಡಬೇಕು ಎಂಬುದನ್ನು ತಾಯಿಯಾದ ನೀವು ತಿಳಿದಿರಬೇಕು.

ಜೋಡಿಯನ್ನು ನೋಡಿ

ಕೆಳಗಿನ ನಡುವಿನ ಎರಡು ಹಲ್ಲು 6–7ನೇ ವರ್ಷದಲ್ಲಿ, ಮೇಲಿನ ನಡುವಿನವು 7–8ರಲ್ಲಿ, ಅವುಗಳ ಪಕ್ಕದವು 8–9ರಲ್ಲಿ ಬರುತ್ತವೆ. ಒಂದಷ್ಟು ತಿಂಗಳು ಹಿಂದುಮುಂದಾದರೆ ಗಾಬರಿ ಬೇಡ. ವಯಸ್ಸಿಗಿಂತ ಜೋಡಿಯ ಲೆಕ್ಕ ಮುಖ್ಯ. ಈ ಮೂರರಲ್ಲಿ ಒಂದು ಕಂಡರೂ ದಂತವೈದ್ಯರ ಬಳಿಗೆ ಹೋಗಿ:

1. ಜೋಡಿಯಲ್ಲಿ ಒಂದು ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಬಂದಿಲ್ಲ.

2. ಕೆಳಗಿನ ಎರಡು ಹಲ್ಲು ಬಂದು ವರ್ಷ ಕಳೆದರೂ ಮೇಲಿನ ಎರಡೂ ಬಂದಿಲ್ಲ.

3. ನಡುವಿನದು ಬರುವ ಮೊದಲೇ ಪಕ್ಕದ ಹಲ್ಲು ಬಂದಿದೆ.

ಹಲ್ಲು ಯಾವಾಗ ಬಿತ್ತೆಂದು ನೆನಪಿಲ್ಲವೇ? ಮನೆಯ ಫೋಟೋಗಳನ್ನು ತೆಗೆದು ನೋಡಿ. ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್‌ಗೆ ಹೋದಾಗ ಸಿಮೆಂಟಿನ ಎತ್ತಿನ ಪಕ್ಕ ನಿಂತು ನಕ್ಕದ್ದೋ, ಜಾತ್ರೆಯಲ್ಲಿ ತೆಗೆಸಿದ್ದೋ, ಒಂದಾದರೂ ಸಿಗುತ್ತದೆ. ಅದರ ತಾರೀಖೇ ನಿಮಗೆ ಸಾಕ್ಷಿ.

ಹಲ್ಲು ಒಳಗೇಕೆ ಕೂರುತ್ತದೆ?

ಸಾಮಾನ್ಯ ಕಾರಣವೆಂದರೆ, ದವಡೆಯೊಳಗೆ ನಡುವೆ ಬೆಳೆದ ಒಂದು ಹೆಚ್ಚುವರಿ ಸಣ್ಣ ಹಲ್ಲು. ಅದು ಬಾಗಿಲಿಗೆ ಅಡ್ಡ ಕುಳಿತ ಹಾಗೆ ದಾರಿ ಕಟ್ಟುತ್ತದೆ. ಇನ್ನೊಂದು, ಎಳೆಯ ವಯಸ್ಸಿನಲ್ಲಿ ಬಿದ್ದ ಪೆಟ್ಟು. ಎರಡು-ಮೂರು ವರ್ಷದ ಕೂಸು ಕಟ್ಟೆಯಿಂದ ಬಿದ್ದು ಹಾಲುಹಲ್ಲು ಒಳಗೆ ತೂರಿದರೆ, ಅದರ ಮೇಲೆಯೇ ಬೆಳೆಯುತ್ತಿರುವ ಶಾಶ್ವತ ಹಲ್ಲು ಸೊಟ್ಟಗಾಗಬಹುದು. “ಹಾಲಹಲ್ಲು ತಾನೆ” ಎಂದು ಮರೆಯಬೇಡಿ. ಬಿದ್ದ ದಿನವನ್ನು ಬರೆದಿಡಿ, ಆಗಲೇ ವೈದ್ಯರಿಗೆ ತೋರಿಸಿ. ಹಾಲುಹಲ್ಲು ಬೀಳದೇ ಉಳಿದರೂ, ತೀರಾ ಬೇಗ ಹೋಗಿ ಒಸಡು ಗಟ್ಟಿಯಾದರೂ, ಅಕ್ಕಪಕ್ಕದ ಹಲ್ಲು ವಾಲಿ ಜಾಗ ಮುಚ್ಚಿದರೂ ಹೀಗಾಗುತ್ತದೆ.

ಒಸಡನ್ನು ಉಗುರಿನಿಂದಲೋ ಭತ್ತದ ಕಾಳಿನಿಂದಲೋ ಗೀರುವುದು ಬೇಡವೇ ಬೇಡ. ಗಾಯವಾಗಿ ಕೀವಾದೀತೇ ಹೊರತು ಒಳಗಿನ ಅಡ್ಡಿ ಸರಿಯದು.

ವೈದ್ಯರು ಏನು ಮಾಡುತ್ತಾರೆ?

ಮೊದಲು ಬೆರಳಿನಿಂದ ಒಸಡನ್ನು ಒತ್ತಿ ನೋಡುತ್ತಾರೆ. ಆಮೇಲೆ ಎಕ್ಸ್-ರೇ. ಎರಡು ಕೋನಗಳಿಂದ ತೆಗೆದರೆ, ಹಲ್ಲು ತುಟಿಯ ಕಡೆಗಿದೆಯೋ ಅಂಗಳದ ಕಡೆಗಿದೆಯೋ ತಿಳಿಯುತ್ತದೆ. ಅಡ್ಡಿಯಿದ್ದರೆ ಅದನ್ನು ತೆಗೆದು, ಜಾಗ ಸಾಲದಿದ್ದರೆ ತಂತಿ ಹಾಕಿ ಜಾಗ ಮಾಡುತ್ತಾರೆ. ಚಿಕ್ಕ ಮಕ್ಕಳಲ್ಲಿ ಇಷ್ಟಾದ ಮೇಲೆ ಹಲ್ಲು ಬಹಳ ಸಲ ತಾನಾಗಿಯೇ ಇಳಿಯುತ್ತದೆ; ಕೆಲವು ತಿಂಗಳು ತಾಳ್ಮೆಯಿಂದ ಕಾಯಬೇಕು, ವೈದ್ಯರು ಹೇಳಿದ ದಿನ ತಪ್ಪದೆ ತೋರಿಸಬೇಕು.

ಆದರೆ ಈ ಹಲ್ಲಿನ ಬೇರು ಸುಮಾರು 10ನೇ ವರ್ಷದ ಹೊತ್ತಿಗೆ ಪೂರ್ತಿ ಬೆಳೆದಿರುತ್ತದೆ. ಆಮೇಲೆ ತಾನಾಗಿ ಇಳಿಯುವ ಕಸುವು ಕಡಿಮೆ. ಎಂಟು-ಒಂಬತ್ತನೇ ವರ್ಷದಲ್ಲೇ ತೋರಿಸಿ ಎನ್ನುವುದು ಇದಕ್ಕೇ. ತಡವಾದರೆ ಒಸಡು ಬಿಡಿಸಿ, ಹಲ್ಲಿಗೆ ಸಣ್ಣ ಗುಂಡಿಯನ್ನೂ ಸರಪಳಿಯನ್ನೂ ಅಂಟಿಸಿ, ತಂತಿಯ ಸಹಾಯದಿಂದ ತಿಂಗಳುಗಟ್ಟಲೆ ನಿಧಾನವಾಗಿ ಎಳೆಯಬೇಕಾಗುತ್ತದೆ. ತೀರಾ ಸೊಟ್ಟಗಿದ್ದರೆ ತೆಗೆದುಹಾಕುವುದೂ ಉಂಟು.

ಎಲ್ಲಿಗೆ ಹೋಗಬೇಕು?

ಮೊದಲು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಮಗುವಿನ ಹಲ್ಲನ್ನೂ ನೋಡಲು ಹೇಳಿ. ಗುರುಗಳ ಕಿವಿಗೂ ಮೊದಲೇ ಹಾಕಿಡಿ. ಮುಂದಿನ ಚಿಕಿತ್ಸೆ ಬೇಕಾದರೆ, ಗೊಟಗೋಡಿ, ಶಿಗ್ಗಾಂವಿ ಕಡೆಯವರಿಗೆ ಧಾರವಾಡ ದೂರವಲ್ಲ. ಅಲ್ಲಿ 1986ರಲ್ಲಿ ಆರಂಭವಾದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿದೆ. ಮಕ್ಕಳ ಹಲ್ಲಿಗೂ, ಹಲ್ಲು ಸಾಲು ಸರಿಪಡಿಸುವುದಕ್ಕೂ ಬೇರೆ ಬೇರೆ ವಿಭಾಗಗಳಿವೆ. ಶುರುಮಾಡುವ ಮುಂಚೆಯೇ ಎಷ್ಟು ಸಲ ಬರಬೇಕು, ಒಟ್ಟು ಎಷ್ಟು ಖರ್ಚು ಎಂದು ಸಂಕೋಚವಿಲ್ಲದೆ ಕೇಳಿ. ಸುಗ್ಗಿಯ ಕೂಲಿ ಬಿಟ್ಟು ಬಸ್ಸು ಹತ್ತುವವರಿಗೆ ಆ ಲೆಕ್ಕವೂ ಬೇಕು. ಚಿಕಿತ್ಸೆ ಅರ್ಧಕ್ಕೆ ನಿಂತರೆ ದುಡ್ಡೂ ಹೋಯಿತು, ಹಲ್ಲೂ ಬರಲಿಲ್ಲ.

“ಒಂದು ಹಲ್ಲಿಗೆ ಇಷ್ಟೆಲ್ಲಾ ಯಾಕೆ?” ಎಂದು ಮನೆಯವರು ಕೇಳಬಹುದು. ಆ ಒಂದು ಹಲ್ಲಿಲ್ಲದೆ ಅಕ್ಕಪಕ್ಕದವು ವಾಲುತ್ತವೆ, ಮಾತು ತೊದಲೀತು. ಎಲ್ಲಕ್ಕಿಂತ ಹೆಚ್ಚಾಗಿ, ಮಗು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯಲು ಕಲಿಯುತ್ತದೆ, ತರಗತಿಯಲ್ಲಿ ಎದ್ದು ಓದಲು ಹಿಂಜರಿಯುತ್ತದೆ. ಇವತ್ತು ರಾತ್ರಿ ಊಟವಾದ ಮೇಲೆ “ಈ ಅನ್ನು ನೋಡೋಣ” ಎಂದು ಹೇಳಿ ಮಗುವಿನ ಹಲ್ಲು ಎಣಿಸಿ. ಒಂದು ಹಲ್ಲಿನ ಜೋಡಿ ಕಾಣದಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆರು ತಿಂಗಳು ದಾಟಿದ್ದರೆ, ಬರುವ ಸಂತೆಯ ದಿನವೇ ಮಗುವನ್ನೂ ಕರೆದುಕೊಂಡು ಹೊರಡಿ.