ಲಸಿಕೆಯ ಸೂಜಿ ಹೆಗಲಿಗೆ ತಗುಲಿದಾಗ

ಲಸಿಕೆ ಹಾಕಿಸಿಕೊಂಡ ಮೇಲೆ ರಟ್ಟೆ ನೋಯುವುದು ಎಲ್ಲರಿಗೂ ಗೊತ್ತು. ಚುಚ್ಚಿದ ಜಾಗ ಕೊಂಚ ಗಟ್ಟಿಯಾಗುತ್ತದೆ, ಆ ಮಗ್ಗುಲಿಗೆ ಹೊರಳಲು ಕಷ್ಟವಾಗುತ್ತದೆ, ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ಇದಕ್ಕೆ ಯಾರೂ ಹೆದರಬೇಕಿಲ್ಲ.

ಆದರೆ ಅಪರೂಪಕ್ಕೆ ಕೆಲವರಲ್ಲಿ ಬೇರೆಯೇ ನೋವು ಹುಟ್ಟುತ್ತದೆ. ಚುಚ್ಚಿದ ಕ್ಷಣದಲ್ಲೋ, ಒಂದೆರಡು ದಿನದೊಳಗೋ ಶುರುವಾಗಿ ಹೆಗಲ ಕೀಲಿನಲ್ಲಿ ಮನೆ ಮಾಡುತ್ತದೆ. ವಾರಗಳು ಕಳೆದರೂ ಬಿಡುವುದಿಲ್ಲ. ಜಡೆ ಹಾಕಿಕೊಳ್ಳಲು, ತಂತಿಯ ಮೇಲೆ ಬಟ್ಟೆ ಹರವಲು, ಅಂಗಿಯ ತೋಳಿಗೆ ಕೈ ತೂರಿಸಲು ಆಗದಂತೆ ಮಾಡುತ್ತದೆ. ರಾತ್ರಿ ಹೆಚ್ಚುತ್ತದೆ. ವೈದ್ಯರು ಇದನ್ನು ‘ಸಿರ್ವಾ’ ಎನ್ನುತ್ತಾರೆ. ಲಸಿಕೆ ಕೊಡುವ ಕ್ರಮದಿಂದ ಹೆಗಲಿಗಾಗುವ ಪೆಟ್ಟು ಎಂದು ಅರ್ಥ. ತಪ್ಪು ನಡೆಯುವುದು ಸೂಜಿ ಇಳಿದ ಜಾಗದಲ್ಲಿ. ಸೀಸೆಯೊಳಗಿನ ಲಸಿಕೆ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸುವಂತಿಲ್ಲ.

ಹೆಗಲ ಹೊರ ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾದ ಮೂಳೆಯ ತುದಿಯೊಂದು ಸಿಗುತ್ತದೆ, ಅದೇ ಅಕ್ರೋಮಿಯನ್. ಅಲ್ಲಿಂದ ಕೆಳಕ್ಕೆ ತೋಳನ್ನು ಮುಚ್ಚಿಕೊಂಡಿರುವ ದಪ್ಪ ಸ್ನಾಯು ಡೆಲ್ಟಾಯ್ಡ್. ಲಸಿಕೆ ಸೇರಬೇಕಾದದ್ದು ಈ ಸ್ನಾಯುವಿನ ನಡುಭಾಗಕ್ಕೆ. ಆದರೆ ಸ್ನಾಯುವಿನ ಮೇಲ್ಭಾಗದ ಅಡಿಯಲ್ಲಿ ಬರ್ಸಾ ಎಂಬ ತೆಳುವಾದ ಚೀಲವಿದೆ. ಮೂಳೆ ಮತ್ತು ಸ್ನಾಯುರಜ್ಜುಗಳು ಒಂದಕ್ಕೊಂದು ಉಜ್ಜದಂತೆ ಕಾಯುವುದು ಅದರ ಕೆಲಸ. ಅದಕ್ಕೆ ಅಂಟಿಕೊಂಡಂತೆ ಕೈಯನ್ನು ಎತ್ತುವ, ತಿರುಗಿಸುವ ರೊಟೇಟರ್ ಕಫ್‌ನ ರಜ್ಜುಗಳಿವೆ. ಸೂಜಿ ತೀರಾ ಮೇಲೆ ಇಳಿದರೆ ಲಸಿಕೆ ಸ್ನಾಯುವನ್ನು ದಾಟಿ ಈ ಚೀಲಕ್ಕೋ ರಜ್ಜುವಿಗೋ ಸೇರಿಬಿಡುತ್ತದೆ.

ಬರೀ ಸೂಜಿಯ ಗಾಯವಾಗಿದ್ದರೆ ಬೇಗ ಮಾಯುತ್ತಿತ್ತು. ಆದರೆ ಲಸಿಕೆಯಲ್ಲಿರುವುದು ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಲೆಂದೇ ತಯಾರಾದ ವಸ್ತು. ದೊಡ್ಡವರ ರಕ್ತದಲ್ಲಿ ಹಿಂದಿನ ಲಸಿಕೆಗಳಿಂದಲೋ ಸೋಂಕಿನಿಂದಲೋ ಬಂದ ಪ್ರತಿಕಾಯಗಳು ಆಗಲೇ ಇರಬಹುದು. ಇವೆರಡೂ ಆ ಇಕ್ಕಟ್ಟಾದ ಚೀಲದೊಳಗೆ ಎದುರಾದಾಗ ಉರಿಯೂತ ಉಲ್ಬಣಿಸಿ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದು ತಜ್ಞರು ಹೆಚ್ಚಾಗಿ ಒಪ್ಪುವ ವಿವರಣೆ.

ಇದನ್ನು ಹೆಚ್ಚು ಅಧ್ಯಯನ ಮಾಡಿದ ದೇಶ ಅಮೆರಿಕ. ಅಲ್ಲಿ ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರ ಕೊಡಲು 1986ರ ಕಾನೂನಿನಡಿ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಅಲ್ಲಿಗೆ ಬಂದ 13 ಅರ್ಜಿಗಳನ್ನು ಪರಿಶೀಲಿಸಿದ ವೈದ್ಯರು 2010ರಲ್ಲಿ ಈ ತೊಂದರೆಗೆ ಹೆಸರಿಟ್ಟರು. ಆ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ಒಂದು ದಿನದೊಳಗೆ ನೋವು ಆರಂಭವಾಗಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಜನ, ಸೂಜಿಯನ್ನು ತುಂಬಾ ಮೇಲೆ ಚುಚ್ಚಿದರು ಎಂದೇ ಹೇಳಿದ್ದರು. 2017ರಲ್ಲಿ ಈ ಪೆಟ್ಟು ಪರಿಹಾರದ ಅಧಿಕೃತ ಪಟ್ಟಿಗೆ ಸೇರಿತು. ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಮೊದಲು ಆ ಹೆಗಲಲ್ಲಿ ತೊಂದರೆ ಇದ್ದಿರಬಾರದು ಎಂಬುವು ಅದರ ಮುಖ್ಯ ಷರತ್ತುಗಳು. ಅಲ್ಲಿ ನೆಲೆಸಿ ವರ್ಷವರ್ಷವೂ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಕನ್ನಡಿಗರು ಒಂದು ವಿಷಯ ನೆನಪಿಡಬೇಕು: ಮೊದಲ ಲಕ್ಷಣ ಕಂಡ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು.

ಇದು ಎಷ್ಟು ಅಪರೂಪ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ 2016–17ರ ಫ್ಲೂ ಲಸಿಕೆಯ ದಾಖಲೆಗಳನ್ನು ಜಾಲಾಡಿದ ಅಧ್ಯಯನವೊಂದು, ಲಸಿಕೆ ಪಡೆದ 10 ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಈ ಚೀಲದ ಉರಿಯೂತ ಹೆಚ್ಚುವರಿಯಾಗಿ ಬಂದಿತ್ತು ಎಂದು ಲೆಕ್ಕ ಹಾಕಿತು. ಈ ಭಯಕ್ಕೆ ಲಸಿಕೆಯನ್ನೇ ಬಿಡುವುದು ಸರಿಯಲ್ಲ. ಆದರೆ ಆ ಎಂಟು ಮಂದಿಯ ನೋವೂ ಬಹುಮಟ್ಟಿಗೆ ತಪ್ಪಿಸಬಹುದಾದದ್ದು. ಹಾಗಾಗಿಯೇ ಅದನ್ನು ಸಣ್ಣದೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ತಪ್ಪು ಆಗುವುದು ಹೇಗೆ? ಬಹಳ ಸಲ ಬಟ್ಟೆಯಿಂದ. ತುಂಬುತೋಳಿನ ಅಂಗಿ ಹಾಕಿಕೊಂಡು ಬಂದವರು ಮೇಲಿನ ಗುಂಡಿ ಬಿಚ್ಚಿ ಕಾಲರನ್ನು ಹೆಗಲಿನಿಂದ ಜಗ್ಗುತ್ತಾರೆ. ಬಿಗಿತೋಳಿನ ರವಿಕೆ ತೊಟ್ಟವರೂ ಹಾಗೆಯೇ ಕತ್ತಿನ ಕಡೆಯಿಂದ ಸರಿಸುತ್ತಾರೆ. ಆಗ ಕಾಣುವುದು ಹೆಗಲ ತುದಿ ಮಾತ್ರ; ಚುಚ್ಚಬೇಕಾದ ಜಾಗ ಬಟ್ಟೆಯೊಳಗೇ ಉಳಿಯುತ್ತದೆ. ಕುಳಿತವರಿಗೆ ಸಿಸ್ಟರ್ ನಿಂತೇ ಚುಚ್ಚಿದರೂ ಅಪಾಯವಿದೆ, ಕೈ ತಾನಾಗಿ ಮೇಲ್ಭಾಗಕ್ಕೆ ಹೋಗುತ್ತದೆ, ಸೂಜಿ ಓರೆಯಾಗಿ ಇಳಿಯುತ್ತದೆ. ಶಿಬಿರಗಳಲ್ಲಿ ಬಾಗಿಲಾಚೆವರೆಗೆ ಸಾಲು ನಿಂತಿರುವಾಗ, ಮರೆಗೆ ಒಂದು ಪರದೆಯೂ ಇಲ್ಲದಿರುವಾಗ, ಹೆಣ್ಣುಮಕ್ಕಳನ್ನು ತೋಳು ಪೂರಾ ತೆರೆಯಿರಿ ಎನ್ನುವುದು ಹೇಗೆ? ನನ್ನ ದೃಷ್ಟಿಯಲ್ಲಿ ಸಿಸ್ಟರ್ ಒಬ್ಬರ ಮೇಲೆ ಹೊರೆ ಹೊರಿಸುವುದಕ್ಕಿಂತ ಒಂದು ಪರದೆ, ಎರಡು ಕುರ್ಚಿ ಒದಗಿಸುವುದು ಹೆಚ್ಚು ಉಪಯೋಗದ ಕೆಲಸ.

ಸರಿಯಾದ ಕ್ರಮ ಕಷ್ಟದ್ದಲ್ಲ. ಇಬ್ಬರೂ ಕುಳಿತಿರಬೇಕು. ತೋಳು ಹೆಗಲಿಂದ ಮೊಣಕೈವರೆಗೆ ಬರಿದಾಗಿರಬೇಕು. ಅಕ್ರೋಮಿಯನ್ ಮೂಳೆಯ ಕೆಳಗೆ ಎರಡು ಮೂರು ಬೆರಳು ಅಡ್ಡಲಾಗಿ ಇಟ್ಟು, ಅದರ ಕೆಳಗೆ, ಕಂಕುಳಿನ ಮಟ್ಟಕ್ಕಿಂತ ಮೇಲೆ, ಸ್ನಾಯು ದಪ್ಪಗಿರುವಲ್ಲಿ ಸೂಜಿಯನ್ನು ನೇರವಾಗಿ ಇಳಿಸಬೇಕು. ಎರಡಕ್ಕಿಂತ ಮೂರು ಬೆರಳೇ ವಾಸಿ ಎನ್ನುತ್ತೇನೆ, ಏಕೆಂದರೆ ಬರ್ಸಾ ಚೀಲ ಮೂಳೆಯ ಅಂಚಿನಿಂದ 3ರಿಂದ 6 ಸೆಂಟಿಮೀಟರ್ ಕೆಳಗಿನವರೆಗೂ ಚಾಚಿರುವುದನ್ನು ವೈದ್ಯರು ಅಳೆದು ನೋಡಿದ್ದಾರೆ. ಹಾಗೆಂದು ತೀರಾ ಕೆಳಗೂ ಹೋಗಬಾರದು, ಅಲ್ಲಿ ನರಗಳು ಹಾದುಹೋಗುತ್ತವೆ. ಸೂಜಿಯ ಉದ್ದವೂ ಮುಖ್ಯ. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಇಂಚು. 60 ಕಿಲೋಗಿಂತ ಕಡಿಮೆ ತೂಕದವರಿಗೆ ಇನ್ನೂ ಚಿಕ್ಕ ಸೂಜಿ ಸಾಕೆನ್ನುತ್ತದೆ ಅಮೆರಿಕದ ಮಾರ್ಗಸೂಚಿ. ಕೃಶವಾದ ವೃದ್ಧರ ತೋಳಿನಲ್ಲಿ ಉದ್ದ ಸೂಜಿ ಮೂಳೆಯನ್ನೇ ಮುಟ್ಟಬಹುದು. ಹಸುಗೂಸುಗಳಲ್ಲಿ ಡೆಲ್ಟಾಯ್ಡ್ ಇನ್ನೂ ಬೆಳೆದಿರುವುದಿಲ್ಲ. ಅವರಿಗೆ ಸ್ನಾಯುವಿಗೆ ಕೊಡುವ ಲಸಿಕೆಯನ್ನು ತೊಡೆಗೆ ಹಾಕುತ್ತಾರೆ.

ಲಸಿಕೆಗೆ ಹೋಗುವ ದಿನ ಸಡಿಲ ತೋಳಿನ ಬಟ್ಟೆ ಹಾಕಿಕೊಳ್ಳಿ. ಸೂಜಿ ಹೆಗಲ ತುದಿಗೆ ಬಂದರೆ, “ಸಿಸ್ಟರ್, ಸ್ವಲ್ಪ ಕೆಳಗೆ ಹಾಕ್ತೀರಾ?” ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನೋವು ಒಂದು ವಾರ ದಾಟಿದರೆ, ಕೈ ಎತ್ತಲು ಆಗದಿದ್ದರೆ ಮೂಳೆ ವೈದ್ಯರನ್ನು ಕಾಣಿ. ಯಾವ ದಿನ, ಯಾವ ಲಸಿಕೆ, ಯಾವ ಕೈ, ನೋವು ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಬರೆದಿಟ್ಟುಕೊಂಡು ಹೋಗಿ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐನಲ್ಲಿ ಚೀಲದ ಊತ, ರಜ್ಜುವಿನ ಹಾನಿ ಕಾಣಬಹುದು. ಉರಿಯೂತ ತಗ್ಗಿಸುವ ಮಾತ್ರೆ, ಫಿಸಿಯೋಥೆರಪಿ, ಅಗತ್ಯವಿದ್ದರೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಸಕ್ಕರೆ ಕಾಯಿಲೆಯವರು ಇದನ್ನು ಮೊದಲೇ ತಿಳಿಸಬೇಕು, ಸ್ಟೆರಾಯ್ಡ್ ಸಕ್ಕರೆಯ ಮಟ್ಟವನ್ನು ಏರಿಸುತ್ತದೆ. ನೋಯುತ್ತದೆಂದು ಕೈಯನ್ನು ಮಡಿಚಿಟ್ಟು ಕೂತರೆ ಕೀಲು ಬಿಗಿದು ಇನ್ನಷ್ಟು ಕಷ್ಟ. ಫಿಸಿಯೋಥೆರಪಿಸ್ಟ್ ತೋರಿಸಿದಂತೆ ಮೆಲ್ಲಗೆ ಆಡಿಸುತ್ತಿರಬೇಕು. ಚುಚ್ಚಿದಾಗಲೇ ಮಿಂಚು ಹೊಡೆದಂತಾಗಿ ಬೆರಳವರೆಗೆ ಜೋಮು ಹಿಡಿದರೆ ಅದು ನರದ ತೊಂದರೆ ಇರಬಹುದು. ಜಾಗ ಕೆಂಪಾಗಿ ಕೀವು ತುಂಬಿ ಜ್ವರ ಬಂದರೆ ಸೋಂಕು. ಇವೆರಡಕ್ಕೂ ವಾರದವರೆಗೆ ಕಾಯಬೇಡಿ.

ವರದಿ ಮಾಡುವುದನ್ನೂ ಮರೆಯಬೇಡಿ. ಲಸಿಕೆ ನಂತರದ ತೊಂದರೆಗಳನ್ನು ದಾಖಲಿಸುವ ವ್ಯವಸ್ಥೆ ನಮ್ಮಲ್ಲೂ ಇದೆ, ಕೊಡುವ ಕ್ರಮದಲ್ಲಾದ ತಪ್ಪಿಗೆ ಅದರಲ್ಲಿ ಪ್ರತ್ಯೇಕ ವರ್ಗವೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಬಹುದು, ಇಲ್ಲವೇ ಔಷಧಗಳ ಅಡ್ಡಪರಿಣಾಮ ದಾಖಲಿಸುವ ಉಚಿತ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಬಹುದು. ಮುಂದಿನ ಡೋಸ್ ಬಂದಾಗ ವೈದ್ಯರೊಂದಿಗೆ ಮಾತಾಡಿ ಇನ್ನೊಂದು ಕೈಗೆ ಹಾಕಿಸಿಕೊಳ್ಳಿ.