ರಕ್ತದಲ್ಲಿ ಸಕ್ಕರೆ ಅಂಶ ಕಡಿಮೆಯಾಗುವಿಕೆ: ಮಧುಮೇಹಿಗಳಿಗೆ ಹಾಗೂ ಕುಟುಂಬದವರಿಗೆ ಮಾಹಿತಿ

ಮಧುಮೇಹವೆಂದರೆ ಸಕ್ಕರೆ ಹೆಚ್ಚಾಗುವುದು ಮಾತ್ರವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಚಿಕಿತ್ಸೆಯಲ್ಲಿರುವವರಿಗೆ ಸಕ್ಕರೆ ತೀರಾ ಕಡಿಮೆಯಾಗುವುದು ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ತರಬಲ್ಲದು. ಮಿದುಳು ಮುಖ್ಯವಾಗಿ ಗ್ಲೂಕೋಸ್ ಅನ್ನೇ ಅವಲಂಬಿಸಿರುವುದು ಇದಕ್ಕೆ ಕಾರಣ. ಮಧುಮೇಹಿಗಳಲ್ಲಿ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಗ್ಲೂಕೋಸ್ 70 ಮಿ.ಗ್ರಾಂ.ಗಿಂತ ಕಡಿಮೆಯಾದರೆ ಎಚ್ಚರ ವಹಿಸಬೇಕು; 54 ಮಿ.ಗ್ರಾಂ.ಗಿಂತ ಕೆಳಗಿಳಿದರೆ ಅದು ಗಂಭೀರ ಸ್ಥಿತಿಯಾಗಿರುತ್ತದೆ.

ಕಾರಣಗಳು
ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂತಾದ ಮಾತ್ರೆಗಳನ್ನು ತೆಗೆದುಕೊಂಡು ಊಟ ತಪ್ಪಿಸುವುದು ಅಥವಾ ತಡಮಾಡುವುದು, ವಾಡಿಕೆಗಿಂತ ಹೆಚ್ಚು ಶ್ರಮಪಡುವುದು, ಮದ್ಯಪಾನ, ಮೂತ್ರಪಿಂಡದ ಕಾಯಿಲೆ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಬೆಳಿಗ್ಗೆ ಔಷಧಿ ಪಡೆದು, ಬುತ್ತಿ ಬಿಚ್ಚದೆ ಮಧ್ಯಾಹ್ನದವರೆಗೆ ದ್ರಾಕ್ಷಿ ತೋಟದಲ್ಲಿ ದುಡಿಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಶ್ರಾವಣದ ಉಪವಾಸ, ರಂಜಾನ್ ರೋಜಾ ಆಚರಿಸುವವರು ಮುಂಚಿತವಾಗಿಯೇ ವೈದ್ಯರಿಂದ ಔಷಧಿಯ ಪ್ರಮಾಣ ಹಾಗೂ ವೇಳೆಯನ್ನು ತಿಳಿದುಕೊಳ್ಳತಕ್ಕದ್ದು.

ಲಕ್ಷಣಗಳು
ಬೆವರು, ಕೈನಡುಕ, ಎದೆಬಡಿತ, ತೀವ್ರ ಹಸಿವು; ನಂತರ ಮಂಕು, ತೊದಲು ಮಾತು, ಸಿಟ್ಟು, ಪ್ರಜ್ಞೆ ತಪ್ಪುವಿಕೆ. ಇದನ್ನು ಬಿಸಿಲಿನ ಆಯಾಸವೆಂದೋ ಕುಡಿತದ ಅಮಲೆಂದೋ ತಪ್ಪಾಗಿ ತಿಳಿದು ರೋಗಿಯನ್ನು ಮಲಗಲು ಬಿಡಬಾರದು.

ತಕ್ಷಣ ಮಾಡಬೇಕಾದುದು
1. ಎಚ್ಚರವಿದ್ದು ನುಂಗಬಲ್ಲವರಿಗೆ 3 ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿರಿ. ಒಣದ್ರಾಕ್ಷಿಯ ಸಕ್ಕರೆ ನಿಧಾನವಾಗಿ ರಕ್ತ ಸೇರುವುದರಿಂದ, ಬೇರೇನೂ ದೊರೆಯದಿದ್ದಾಗ ಮಾತ್ರ ಅದನ್ನು ಕೊಡಿರಿ.
2. 15 ನಿಮಿಷಗಳಲ್ಲಿ ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಡಿರಿ.
3. ಚೇತರಿಸಿಕೊಂಡ ಮೇಲೆ ರೊಟ್ಟಿ ಅಥವಾ ಅನ್ನ ಉಣ್ಣಿಸಿರಿ.
4. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿರಿ.

ಮಾತ್ರೆಗಳಿಂದ ಕುಸಿದ ಸಕ್ಕರೆ ಕೆಲವು ಗಂಟೆಗಳ ನಂತರ ಪುನಃ ಕುಸಿಯಬಹುದು. ಆದುದರಿಂದ ಚೇತರಿಸಿಕೊಂಡರೂ ಅದೇ ದಿನ ವೈದ್ಯರನ್ನು ಕಾಣುವುದು ಅವಶ್ಯಕ. ಹೆದರಿ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.

ಸೇವೆ ಪಡೆಯಲು
ಸಮೀಪದ ಪ್ರಾಥಮಿಕ ಅಥವಾ ಸಮುದಾಯ ಆರೋಗ್ಯ ಕೇಂದ್ರ ಇಲ್ಲವೇ ವಿಜಯಪುರ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಹಿಂದಿನ ಚೀಟಿ, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಹಾಗೂ ತೊಂದರೆಯಾದ ದಿನ, ವೇಳೆ, ಊಟದ ವಿವರಗಳನ್ನು ಜೊತೆಗೆ ತರತಕ್ಕದ್ದು. ಇವುಗಳ ಆಧಾರದ ಮೇಲೆ ವೈದ್ಯರು ಔಷಧಿಯ ಪ್ರಮಾಣವನ್ನು ಸರಿಪಡಿಸುತ್ತಾರೆ. ಮಧುಮೇಹಿಗಳು ಹೊಲಕ್ಕೆ ಅಥವಾ ಪ್ರಯಾಣಕ್ಕೆ ಹೊರಡುವಾಗ ಸಕ್ಕರೆಯ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಳ್ಳಬೇಕು ಹಾಗೂ ತಮ್ಮ ಕಾಯಿಲೆಯನ್ನು ಜೊತೆಗಾರರಿಗೆ ತಿಳಿಸಿರಬೇಕು.