ಕಡಲಾಚೆಗೆ ಹಳೆಯ ಬಸ್ಸು: ನಂಬಿಕೆಯ ವ್ಯಾಪಾರ

ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಮೇಲೆ ಕಾಣುವುದು ಬೆನ್ನು ಮಾತ್ರ. ಕಾಲು ಕುಂಟೋ, ಕೆಚ್ಚಲು ಬತ್ತಿದೆಯೋ ಎಂಬುದೆಲ್ಲ ನೀರಿನೊಳಗೇ ಉಳಿಯುತ್ತದೆ. ಆದುದರಿಂದಲೇ ನಮ್ಮ ಕಡೆಯ ರೈತನು ದನದ ಸಂತೆಗೆ ಹೋದಾಗ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಸಾಧ್ಯವಾದರೆ ನೊಗಕ್ಕೆ ಹೂಡಿಯೂ ನೋಡುತ್ತಾನೆ. ಆ ಬಳಿಕವೇ ದಲಾಲನ ಟವೆಲಿನ ಕೆಳಗೆ ಕೈಯಿಟ್ಟು, ಬೆರಳು ಹಿಡಿದು ದರ ಮಾತಾಡುತ್ತಾನೆ.

ಆದರೆ ವಿದ್ಯಾರ್ಥಿಗಳೇ, ಕೊಳ್ಳುವವನು ಸಮುದ್ರದ ಆಚೆಗಿದ್ದರೆ? ಕೊಳ್ಳುವ ವಸ್ತು ಆರೇಳು ವರ್ಷ ಓಡಿದ ಹಳೆಯ ಬಸ್ಸಾಗಿದ್ದರೆ? ಅವನು ಹಲ್ಲು ನೋಡುವುದು ಹೇಗೆ? ಮಾರುವವನ ಮಾತನ್ನು ನಂಬುವುದಾದರೂ ಹೇಗೆ? ಇದನ್ನು ನಾವು ಈ ಲೇಖನದಲ್ಲಿ ವಿಚಾರ ಮಾಡೋಣ.

ಬೀದರಿಗೆ ಬಂದ ಕುದುರೆ

ದೂರದೇಶದ ವ್ಯಾಪಾರ ನಮ್ಮ ಸೀಮೆಗೆ ಹೊಸದಲ್ಲ. ನ್ಯಾಲ್ಕಲ್ಲಿಗೆ ಸಮೀಪದ ಬೀದರವು ಬಹಮನಿ ಅರಸರ ರಾಜಧಾನಿಯಾಗಿದ್ದಾಗ, 1470ರ ಸುಮಾರಿಗೆ, ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಅಲ್ಲಿಗೆ ಬಂದನು. ಮಾರುವುದಕ್ಕೆಂದು ಒಂದು ಕುದುರೆಯನ್ನು ಹಡಗಿನಲ್ಲಿ ತಂದಿದ್ದನು. ಜುನ್ನರದಲ್ಲಿ ಅಲ್ಲಿನ ಅಧಿಕಾರಿ ಆ ಕುದುರೆಯನ್ನೇ ಕಿತ್ತುಕೊಂಡನು. ಖುರಾಸಾನಿನಿಂದ ಬಂದಿದ್ದ ಒಬ್ಬರು ನಡುವೆ ನಿಂತು ಮಾತಾಡಿದ ಮೇಲೆ ಅದು ಹಿಂದಿರುಗಿತು. ಕೊನೆಗೆ ಅದನ್ನು ಬೀದರದಲ್ಲಿ ಮಾರಿದನು. ಇಲ್ಲಿ ತನ್ನ ನಾಡಿಗೆ ಬೇಕಾದ ಸರಕು ಹೇರಳವಾಗಿದೆ ಎಂದು ಇತರ ವ್ಯಾಪಾರಿಗಳು ಹೇಳಿದ್ದು ಸುಳ್ಳಾಯಿತೆಂದು ಅವನು ನೊಂದು ಬರೆದಿದ್ದಾನೆ. ಐದೂವರೆ ಶತಮಾನಗಳು ಕಳೆದರೂ ಆ ಸುಳ್ಳಿನ ನೋವು ಅವನ ಬರಹದಲ್ಲಿ ಹಾಗೆಯೇ ಉಳಿದಿದೆ.

ಆದರೂ ಅಂದಿನ ಕೊಳ್ಳುಗನಿಗೆ ಒಂದು ಅನುಕೂಲವಿತ್ತು. ಕುದುರೆಯೂ ಕುದುರೆಯ ಒಡೆಯನೂ ಅವನ ಕಣ್ಣೆದುರಿಗೇ ನಿಂತಿದ್ದರು. ಇಂದಿನ ಬಸ್ಸು ಒಡೆಯನನ್ನು ಬಿಟ್ಟು ಒಂಟಿಯಾಗಿ ಹಡಗು ಹತ್ತುತ್ತದೆ.

ಹಳೆಯ ಬಸ್ಸು ಏಕೆ ಹೋಗುತ್ತದೆ?

ಸಿರಿವಂತ ದೇಶಗಳಲ್ಲಿ ವಾಹನಗಳನ್ನು ಬೇಗ ಬದಲಾಯಿಸುತ್ತಾರೆ. ಹೊಸ ಬಸ್ಸು ಕೊಳ್ಳುವ ಶಕ್ತಿಯಿಲ್ಲದ ದೇಶಗಳಿಗೆ ಅವು ಉಪಯೋಗಕ್ಕೆ ಬರುತ್ತವೆ. ಈ ವ್ಯಾಪಾರದಲ್ಲಿ ಜಪಾನು ಹೆಸರುವಾಸಿ. ಜಪಾನಿನಲ್ಲಿಯೂ ನಮ್ಮಲ್ಲಿಯಂತೆ ವಾಹನಗಳು ರಸ್ತೆಯ ಎಡಗಡೆಗೆ ಓಡುತ್ತವೆ. ಕೀನ್ಯಾ, ಟಾಂಜಾನಿಯಾ, ಉಗಾಂಡಾಗಳಲ್ಲಿಯೂ ಅದೇ ಪದ್ಧತಿ. ಬಸ್ಸಿಗೆ ಇದು ಬಹು ಮುಖ್ಯ, ಏಕೆಂದರೆ ಸ್ಟಿಯರಿಂಗು ಬಲಗಡೆ ಇದ್ದು, ಬಾಗಿಲು ಎಡಗಡೆ ತೆರೆದರೆ ಮಾತ್ರ ಅಲ್ಲಿನ ಪ್ರಯಾಣಿಕರು ರಸ್ತೆಯ ನಡುವೆ ಇಳಿಯದೆ ಅಂಚಿನಲ್ಲಿ ಇಳಿಯಬಹುದು.

ಜಹೀರಾಬಾದಿನ ಕಾರ್ಖಾನೆಯಲ್ಲಿ 2013ರಿಂದ ಟ್ರ್ಯಾಕ್ಟರುಗಳು ತಯಾರಾಗುತ್ತಿರುವುದನ್ನು ನೀವೆಲ್ಲ ಬಲ್ಲಿರಿ. ಹೊಸ ಟ್ರ್ಯಾಕ್ಟರಿಗೆ ಕಂಪನಿಯ ಹೆಸರೂ ಗ್ಯಾರಂಟಿಯೂ ಬೆನ್ನಿಗಿರುತ್ತವೆ. ಹಳೆಯ ಬಸ್ಸಿಗೆ ಅಂಥ ಬೆಂಬಲವಿಲ್ಲ. ಅದು ಎಷ್ಟು ಓಡಿದೆ, ಎಲ್ಲಿ ಗುದ್ದಿಸಿಕೊಂಡಿದೆ, ಎಂಜಿನ್ನು ಎಷ್ಟು ಎಣ್ಣೆ ಕುಡಿಯುತ್ತದೆ ಎಂಬುದು ಮಾರುವವನಿಗೆ ಮಾತ್ರ ಗೊತ್ತು.

ಒಂದು ಸಣ್ಣ ಲೆಕ್ಕ

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಇತರ ಇಬ್ಬರೊಡನೆ ಹಂಚಿಕೊಂಡರು. ಅವರ ವಿಚಾರವನ್ನು ನಾವು ಬಸ್ಸಿನ ಲೆಕ್ಕದಲ್ಲಿ ಹೀಗೆ ತಿಳಿಯಬಹುದು.

ಹತ್ತು ಬಸ್ಸುಗಳಿವೆ ಎಂದುಕೊಳ್ಳಿ. ಐದು ಒಳ್ಳೆಯವು, ಒಂದೊಂದರ ಯೋಗ್ಯ ಬೆಲೆ 10 ಲಕ್ಷ. ಐದು ಕೆಟ್ಟವು, ಒಂದೊಂದರ ಬೆಲೆ 4 ಲಕ್ಷ. ಹೊರಗಿನ ಬಣ್ಣ ಎಲ್ಲಕ್ಕೂ ಒಂದೇ. ಯಾವುದು ಒಳ್ಳೆಯದೆಂದು ತಿಳಿಯದ ಕೊಳ್ಳುಗನು ಸರಾಸರಿ ಹಿಡಿದು 7 ಲಕ್ಷ ಕೊಡುತ್ತೇನೆಂದಾನು. ಆಗ ಒಳ್ಳೆಯ ಬಸ್ಸಿನ ಒಡೆಯನು, "ನನಗೆ ಮೂರು ಲಕ್ಷ ನಷ್ಟವಾಗುತ್ತದೆ, ನಾನು ಮಾರುವುದಿಲ್ಲ" ಎಂದು ಹಿಂದೆ ಸರಿಯುತ್ತಾನೆ. ಕೆಟ್ಟ ಬಸ್ಸಿನವನು ಸಂತೋಷದಿಂದ ಮುಂದೆ ಬರುತ್ತಾನೆ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಆದಕಾರಣ ಒಬ್ಬನ ಸುಳ್ಳು ಕೊಂಡವನೊಬ್ಬನನ್ನೇ ಕೆಡಿಸುವುದಿಲ್ಲ, ಪ್ರಾಮಾಣಿಕನಾದ ನೆರೆಯವನ ಅನ್ನವನ್ನೂ ಕಸಿಯುತ್ತದೆ.

ನಂಬಿಕೆ ಬೆಳೆಯುವ ಬಗೆ

ಹಾಗಾದರೆ ಪ್ರಾಮಾಣಿಕನು ತನ್ನ ಪ್ರಾಮಾಣಿಕತೆಯನ್ನು ಕಾಣದವನಿಗೆ ತೋರಿಸುವುದು ಹೇಗೆ?

ಮೊದಲನೆಯದು, ತಾನು ಯಾರೆಂದು ತೋರಿಸಬೇಕು. ನಮ್ಮ ದೇಶದಲ್ಲಿ ರಫ್ತು ಮಾಡುವವನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತ ಪಡೆದಿರಬೇಕು. ಬಸ್ಸಿನ ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಛಾಸಿ ಸಂಖ್ಯೆಗಳು ಬಸ್ಸಿನ ಮೇಲೆ ಕೊರೆದಿರುವ ಸಂಖ್ಯೆಗಳಿಗೆ ತಾಳೆಯಾಗಬೇಕು. ಅದು ಕಳವಿನ ಮಾಲಲ್ಲ, ಅದರ ಮೇಲೆ ಸಾಲವಿಲ್ಲ, ತೆರಿಗೆ ಬಾಕಿಯಿಲ್ಲ ಎಂಬುದಕ್ಕೆ ಕಾಗದವಿರಬೇಕು.

ಎರಡನೆಯದು, ದೋಷವನ್ನು ತಾನಾಗಿಯೇ ಹೇಳಬೇಕು. ಜಪಾನಿನ ಹರಾಜು ಕಟ್ಟೆಗಳಲ್ಲಿ ಪ್ರತಿ ವಾಹನಕ್ಕೂ ಒಂದು ತಪಾಸಣೆಯ ಹಾಳೆ ಇರುತ್ತದೆ. ಅದರಲ್ಲಿ ವಾಹನದ ಚಿತ್ರ ಬರೆದು, ಗೀರು ಎಲ್ಲಿದೆ, ತಗ್ಗು ಎಲ್ಲಿದೆ, ತುಕ್ಕು ಎಲ್ಲಿದೆ ಎಂದು ಗುರುತು ಹಾಕಿ, ಮೀಟರಿನ ಕಿಲೋಮೀಟರು ಬರೆದು, ದರ್ಜೆ ಕೊಟ್ಟಿರುತ್ತಾರೆ. ಎಷ್ಟೋ ಜನ ವಾಹನವನ್ನು ಕಾಣದೆ ಆ ಹಾಳೆಯನ್ನೇ ನಂಬಿ ಕೊಳ್ಳುತ್ತಾರೆ. ಬಸ್ಸನ್ನು ಹೊಗಳುವ ಮಾತಿಗಿಂತ ದೋಷವನ್ನು ಹೇಳುವ ಈ ಹಾಳೆಗೇ ಅಲ್ಲಿ ಬೆಲೆ ಹೆಚ್ಚು.

ಮೂರನೆಯದು, ಮಾರುವವನ ಕಡೆಗೂ ಕೊಳ್ಳುವವನ ಕಡೆಗೂ ಸೇರದ ಮೂರನೆಯವರು ಪರೀಕ್ಷಿಸಬೇಕು. ಕೀನ್ಯಾ ದೇಶವು 8 ವರ್ಷ ಮೀರಿದ ಹಳೆಯ ವಾಹನಗಳನ್ನು ಒಳಗೆ ಬಿಡುವುದಿಲ್ಲ. ಹಡಗು ಹತ್ತುವ ಮೊದಲೇ ವಾಹನವು ರಸ್ತೆಗೆ ಯೋಗ್ಯವೆಂಬ ತಪಾಸಣಾ ಪತ್ರವನ್ನೂ ಕೇಳುತ್ತದೆ.

ನಾಲ್ಕನೆಯದು ಹಣದ ಮಾತು. ಮೊದಲು ಬಸ್ಸು ಕಳಿಸಿದರೆ ಮಾರುವವನಿಗೆ ಭಯ. ಮೊದಲು ಹಣ ಕಳಿಸಿದರೆ ಕೊಳ್ಳುವವನಿಗೆ ಭಯ. ಇದಕ್ಕೆ ಲೆಟರ್ ಆಫ್ ಕ್ರೆಡಿಟ್ ಎಂಬ ಏರ್ಪಾಡಿದೆ. ಹೇಳಿದ ಕಾಗದಗಳು ಹೇಳಿದಂತೆಯೇ ಬಂದರೆ ಹಣ ಕೊಡುತ್ತೇವೆಂದು ಕೊಳ್ಳುಗನ ಬ್ಯಾಂಕು ಮಾತು ಕೊಡುತ್ತದೆ. ಹಡಗಿನವರು ಸರಕು ಹತ್ತಿಸಿಕೊಂಡುದಕ್ಕೆ ಕೊಡುವ ಬಿಲ್ ಆಫ್ ಲೇಡಿಂಗ್ ಆ ಕಾಗದಗಳಲ್ಲಿ ಮುಖ್ಯವಾದುದು. ಆದರೂ ಹಣ ಬಾರದೆ ಹೋದರೆ ರಫ್ತುದಾರನಿಗೆ ಆಸರೆಯಾಗಲೆಂದು ಭಾರತ ಸರ್ಕಾರವು 1957ರಲ್ಲಿಯೇ ರಫ್ತು ಸಾಲದ ವಿಮಾ ಸಂಸ್ಥೆಯೊಂದನ್ನು ಸ್ಥಾಪಿಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ಯಾಂಕು ನೋಡುವುದು ಕಾಗದವನ್ನು, ಬಸ್ಸನ್ನಲ್ಲ. ಸುಳ್ಳು ಬರೆದ ಕಾಗದವೂ ನೋಡುವುದಕ್ಕೆ ನೆಟ್ಟಗೇ ಇರುತ್ತದೆ. ಕಾಗದದ ಹಿಂದೆ ನಿಂತ ಮನುಷ್ಯನು ನೆಟ್ಟಗಿಲ್ಲದಿದ್ದರೆ ಯಾವ ಏರ್ಪಾಡೂ ಪೂರ್ತಿಯಾಗಿ ಕಾಯಲಾರದು.

ಬಸ್ಸಿನೊಳಗೆ ಕುಳಿತವರು

ಕೊಳ್ಳುವವನು ಮೋಸಹೋದರೆ ಹಣ ಹೋದೀತು. ಆದರೆ ಸವೆದ ಬ್ರೇಕಿನ ಬಸ್ಸಿನಲ್ಲಿ ಕುಳಿತು ಶಾಲೆಗೆ ಹೋಗುವ ಮಗುವಿನ ಗತಿಯೇನು? ಆ ಮಗು ಮಾರಾಟದ ಮಾತುಕತೆಯಲ್ಲಿ ಇರಲೇ ಇಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2020ರಲ್ಲಿ ಪ್ರಕಟಿಸಿದ ವರದಿಯಂತೆ, 2015ರಿಂದ 2018ರವರೆಗೆ ಕಾರು, ವ್ಯಾನು ಮುಂತಾದ ಹಗುರ ಹಳೆಯ ವಾಹನಗಳೇ 1 ಕೋಟಿ 40 ಲಕ್ಷದಷ್ಟು ದೇಶದಿಂದ ದೇಶಕ್ಕೆ ಹೋದವು. ಅದೇ ವರ್ಷ ನೆದರ್ಲೆಂಡಿನಲ್ಲಿ ತಪಾಸಣೆ ಮಾಡಿದಾಗ, ಆಫ್ರಿಕಕ್ಕೆ ಹೊರಟ ಹಳೆಯ ವಾಹನಗಳಲ್ಲಿ ಹೆಚ್ಚಿನವಕ್ಕೆ ಚಾಲ್ತಿಯಲ್ಲಿರುವ ಯೋಗ್ಯತಾ ಪತ್ರವೇ ಇರಲಿಲ್ಲ.

ನಮ್ಮಲ್ಲಿ 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವನ್ನು ನಿಲ್ಲಿಸಲಾಗಿದೆ. ರಾಜ್ಯ ಸಾರಿಗೆ ಸಂಸ್ಥೆಗಳ ಬಸ್ಸುಗಳೂ ಇದರಲ್ಲಿ ಸೇರಿವೆ. ನಮ್ಮ ಮಕ್ಕಳಿಗೆ ಬೇಡವಾದ ಗುಜರಿಯನ್ನು ಬಣ್ಣ ಹೊಡೆದು ಬೇರೆಯವರ ಮಕ್ಕಳಿಗೆ ಕಳಿಸುವುದು ವ್ಯಾಪಾರವಲ್ಲ. ಬೀದರ ಮತ್ತು ಜಹೀರಾಬಾದಗಳ ನಡುವೆ ಓಡುವ ಬಸ್ಸನ್ನು ಹತ್ತುವಾಗ ನಾವು ಅದರ ಬ್ರೇಕನ್ನು ಪರೀಕ್ಷಿಸುತ್ತೇವೆಯೇ? ಯಾರೋ ಸರಿಯಾಗಿ ನೋಡಿರುತ್ತಾರೆಂದು ನಂಬಿ ಕುಳಿತುಕೊಳ್ಳುತ್ತೇವೆ. ಕಡಲಾಚೆಯ ತಾಯಿಯೂ ಹಾಗೆಯೇ ನಂಬಿ ಮಗುವನ್ನು ಹತ್ತಿಸುತ್ತಾಳೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಮುಂದೆ ಯಾರಾದರೂ ರಫ್ತು ವ್ಯಾಪಾರ ಮಾಡಬಹುದು. ಅದಕ್ಕೆ ಮೊದಲು ನಿಮ್ಮ ಹಳೆಯ ಸೈಕಲ್ಲನ್ನು ಕೆಳಗಿನ ತರಗತಿಯ ಹುಡುಗನಿಗೆ ಮಾರುವ ಸಂದರ್ಭ ಬಂದೀತು. "ತಮ್ಮಾ, ಹಿಂದಿನ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ, ಮೊದಲು ಅದನ್ನು ಹಾಕಿಸಿಕೋ" ಎಂದು ಹೇಳಿ ಮಾರಿರಿ. ಐವತ್ತು ರೂಪಾಯಿ ಕಡಿಮೆ ಸಿಗಬಹುದು. ಆದರೆ ಮುಂದಿನ ವರ್ಷ ಆ ಹುಡುಗನ ತಂದೆ ನಿಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತಾರೆ. ಪಾಲಕರೂ ಮಕ್ಕಳ ಎದುರಿಗೆ ಎತ್ತು, ಎಮ್ಮೆ, ಬಂಡಿ ಮಾರುವಾಗ ಇದನ್ನು ನೆನಪಿನಲ್ಲಿಡಬೇಕೆಂದು ನಮ್ಮ ವಿನಂತಿ. ಮಕ್ಕಳು ವ್ಯಾಪಾರವನ್ನು ಮೊದಲು ಕಲಿಯುವುದು ಮನೆಯ ಅಂಗಳದಲ್ಲಿಯೇ.